ಶನಿವಾರದ ಸಾಲೋ, ಮುಂಗಡವೋ, ಅಂಚೆಯೋ? ಆಸ್ಟ್ರೇಲಿಯಾದಲ್ಲಿ ಮತ ಹಾಕುವ ದಾರಿಗಳ ಹೋಲಿಕೆ

ಆಸ್ಟ್ರೇಲಿಯಾದ ಪೌರತ್ವ ಸಿಕ್ಕಿತೆಂದರೆ ಮತದಾರರ ಪಟ್ಟಿಗೆ ಸೇರುವ ಫಾರಂ ಬೆನ್ನಿಗೇ ಬರುತ್ತದೆ. 18 ತುಂಬಿದ ನಾಗರಿಕ ಪಟ್ಟಿಗೆ ಸೇರಲೇಬೇಕು, ಮತ ಹಾಕಲೇಬೇಕು. 1922ರಲ್ಲಿ ಶೇ 60ನ್ನೂ ಮುಟ್ಟದಿದ್ದ ಮತದಾನ, 1924ರಲ್ಲಿ ಕಾನೂನು ಬಂದ ಮೇಲೆ 1925ರ ಚುನಾವಣೆಯಲ್ಲಿ ಶೇ 91 ದಾಟಿತು. ತಪ್ಪಿಸಿದವರಿಗೆ ಫೆಡರಲ್, ಅಂದರೆ ದೇಶದ ಸಂಸತ್ತಿನ, ಚುನಾವಣೆಯಲ್ಲಿ 20 ಡಾಲರ್ ದಂಡ. ಆದರೆ ಈ ಕಾನೂನಿನ ಕೈ ಮತಗಟ್ಟೆಯ ಬಾಗಿಲವರೆಗೆ ಮಾತ್ರ. ಮರೆಯಲ್ಲಿ ನಿಂತು ನೀವು ಏನು ಬರೆದಿರಿ ಎಂದು ಯಾರೂ ನೋಡುವುದಿಲ್ಲ. ತಪ್ಪು ಬರೆದರೆ ಮತ ಅಸಿಂಧು, ಅಷ್ಟೆ. ಕೆಳಮನೆಯ ಮತಪತ್ರಗಳಲ್ಲಿ ನೂರಕ್ಕೆ ಐದರಷ್ಟು ಹೀಗೇ ಹಾಳಾಗುತ್ತವೆ. ಹಾಗಾಗಿ ಹಾಕಬೇಕೋ ಬೇಡವೋ ಎಂಬ ಚರ್ಚೆ ಇಲ್ಲಿ ಮುಗಿದ ಕಥೆ. ಯಾವ ದಾರಿಯಲ್ಲಿ ಹಾಕುವುದು, ಹೇಗೆ ತುಂಬುವುದು ಎಂಬುದಷ್ಟೇ ಉಳಿದಿದೆ.

ಮೊದಲು ಶನಿವಾರ. ಮತದಾನ ಯಾವಾಗಲೂ ಶನಿವಾರವೇ, ಬೆಳಿಗ್ಗೆ 8ರಿಂದ ಸಂಜೆ 6. ಗುರುತಿನ ಚೀಟಿ ಕೇಳುವುದಿಲ್ಲ, ಬೆರಳಿಗೆ ಶಾಯಿ ಇಲ್ಲ. ಕೇಳುವುದು ಮೂರೇ ಪ್ರಶ್ನೆ: ಪೂರ್ತಿ ಹೆಸರೇನು, ವಾಸ ಎಲ್ಲಿ, ಈ ಚುನಾವಣೆಯಲ್ಲಿ ಆಗಲೇ ಮತ ಹಾಕಿದ್ದೀರಾ? ನಮ್ಮವರು ತಡವರಿಸುವುದು ಮೊದಲನೆಯದರಲ್ಲೇ. ಪಟ್ಟಿ ಸರ್‌ನೇಮ್ ಪ್ರಕಾರ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರ ಹೆಸರೋ ಸರ್‌ನೇಮ್ ಆಗಿ ಕೂತಿದ್ದರೆ ಅದನ್ನೇ ಮೊದಲು ಹೇಳಿ. ಬಾಗಿಲಿನಿಂದ ಆರು ಮೀಟರ್ ಆಚೆ ಪಕ್ಷಗಳವರು ನಿಂತು, ಯಾರಿಗೆ ಯಾವ ಸಂಖ್ಯೆ ಬರೆಯಬೇಕೆಂದು ತಿಳಿಸುವ ತಮ್ಮ ತಮ್ಮ ಚೀಟಿ ಹಂಚುತ್ತಾರೆ. ಹೆಚ್ಚಿನ ಶಾಲೆಗಳಲ್ಲಿ ಸಾಸೇಜ್ ಸುಡುವ ವಾಸನೆಯೂ ಇರುತ್ತದೆ. ಸಸ್ಯಾಹಾರಿಗಳಿಗೆ ಬ್ರೆಡ್ಡಿನೊಳಗೆ ಹುರಿದ ಈರುಳ್ಳಿ ಸಿಕ್ಕೀತು, ಆದರೆ ಕಾವಲಿ ಒಂದೇ ಎಂಬುದು ನೆನಪಿರಲಿ.

ಶನಿವಾರದ ತೊಂದರೆ ಸಾಲು. ಬೇರೆ ಕ್ಷೇತ್ರದಲ್ಲಿದ್ದರೆ ಇನ್ನೂ ಒಂದು: ಅದೇ ರಾಜ್ಯದೊಳಗಾದರೆ ಯಾವ ಮತಗಟ್ಟೆಯಲ್ಲಾದರೂ ಹಾಕಬಹುದು, ಆದರೆ ಮತಪತ್ರ ನಿಮ್ಮ ಹೆಸರು, ಸಹಿ ಇರುವ ಘೋಷಣೆಯ ಲಕೋಟೆಯೊಳಗೆ ಹೋಗುತ್ತದೆ, ಪರಿಶೀಲನೆಯಾಗಿ ತಡವಾಗಿ ಎಣಿಕೆಗೆ ಬರುತ್ತದೆ.

ಮುಂಗಡ ಕೇಂದ್ರ ಈಗ ಜನರ ಮೆಚ್ಚಿನ ದಾರಿ. 2025ರ ಮೇ 3ರ ಚುನಾವಣೆಗೆ ಏಪ್ರಿಲ್ 22ರಿಂದಲೇ ತೆರೆದಿತ್ತು. 60 ಲಕ್ಷಕ್ಕೂ ಹೆಚ್ಚು ಮಂದಿ ಅಲ್ಲೇ ಮುಗಿಸಿದರು. ಕಾನೂನಿನ ಪ್ರಕಾರ ಕಾರಣ ಬೇಕು: ಆ ದಿನ ಕೆಲಸ, ಪ್ರಯಾಣ, ಅನಾರೋಗ್ಯ, ಮತಗಟ್ಟೆ 8 ಕಿಲೋಮೀಟರಿಗಿಂತ ದೂರ ಇತ್ಯಾದಿ. ಬಾಯಲ್ಲಿ ಹೇಳಿದರೆ ಸಾಕು, ದಾಖಲೆ ಕೇಳುವುದಿಲ್ಲ. ಸ್ವಂತ ಕ್ಷೇತ್ರದ ಕೇಂದ್ರದಲ್ಲಿ ಹಾಕಿದ ಮತ ಲಕೋಟೆಯ ರಗಳೆಯಿಲ್ಲದೆ ನೇರ ಪೆಟ್ಟಿಗೆಗೆ ಬೀಳುತ್ತದೆ. ಕೊನೆಯ ಶುಕ್ರವಾರ ಹೋದರೆ ಮಾತ್ರ ಶನಿವಾರದ ಸಾಲನ್ನೇ ಒಂದು ದಿನ ಮೊದಲು ನಿಂತಂತಾಗುತ್ತದೆ. ಮೊದಲ ವಾರದ ಮಧ್ಯಾಹ್ನ ಹೋಗಿ.

ಅಂಚೆ ಮತ ಸುಲಭ ಅನ್ನಿಸುತ್ತದೆ, ಅದೇ ಮೋಸ. ಚುನಾವಣೆಗೆ ಮುಂಚಿನ ಬುಧವಾರ ಸಂಜೆ 6ರವರೆಗೂ ಅರ್ಜಿ ತೆಗೆದುಕೊಳ್ಳುತ್ತಾರೆ ನಿಜ, ಆದರೆ ಅಷ್ಟು ತಡವಾದರೆ ಮತಪತ್ರ ಸಮಯಕ್ಕೆ ಮನೆ ಮುಟ್ಟುವ ಖಾತ್ರಿಯಿಲ್ಲ. ಬಂದ ಮೇಲೆ ಶನಿವಾರ ಸಂಜೆ 6ರೊಳಗೆ ತುಂಬಿ, ಸಾಕ್ಷಿಯ ಎದುರು ಸಹಿ ಹಾಕಬೇಕು. ದೇಶದೊಳಗೆ ಸಾಕ್ಷಿ ಹಾಕುವವರು ಮತದಾರರ ಪಟ್ಟಿಯಲ್ಲಿರಬೇಕು. ವಿಸಿಟರ್ ವೀಸಾದಲ್ಲಿ ಬಂದ ಅತ್ತೆ ಮಾವನ ಸಹಿ ನಡೆಯದು. ಲಕೋಟೆ ಮತದಾನವಾದ 13 ದಿನದೊಳಗೆ ಚುನಾವಣಾ ಆಯೋಗಕ್ಕೆ ತಲುಪಬೇಕು. ಇನ್ನೊಂದು ಮಾತು: ಪಕ್ಷಗಳೂ ಅಂಚೆ ಮತದ ಅರ್ಜಿ ಮನೆಗೆ ಕಳಿಸುತ್ತವೆ. ಅದನ್ನು ತುಂಬಿ ಕಳಿಸಿದರೆ ನಿಮ್ಮ ವಿವರ ಮೊದಲು ಪಕ್ಷದ ಕಚೇರಿ ಸುತ್ತಿ ಬರಬಹುದು. ನೇರ ಆಯೋಗಕ್ಕೇ ಅರ್ಜಿ ಹಾಕಿ. ಬೆಂಗಳೂರಿಗೆ ರಜೆಗೆ ಹೊರಟವರು ಅಲ್ಲಿನ ವಿಳಾಸಕ್ಕೆ ಮತಪತ್ರ ತರಿಸಿಕೊಳ್ಳುವ ಸಾಹಸಕ್ಕಿಂತ ವಿಮಾನ ಹತ್ತುವ ಮೊದಲು ಮುಂಗಡ ಕೇಂದ್ರಕ್ಕೆ ಹೋಗುವುದು ನೂರು ಪಾಲು ವಾಸಿ. ಹಾಗಂತ ಅಂಚೆ ಮತ ಲೆಕ್ಕಕ್ಕಿಲ್ಲದ್ದು ಅಂದುಕೊಳ್ಳಬೇಡಿ. 2025ರಲ್ಲಿ ಸಿಡ್ನಿಯ ಬ್ರ್ಯಾಡ್‌ಫೀಲ್ಡ್ ಕ್ಷೇತ್ರ ಮರುಎಣಿಕೆಯ ನಂತರ ತೀರ್ಮಾನವಾದದ್ದು 26 ಮತಗಳಲ್ಲಿ.

ಇನ್ನು ಕಾಗದಗಳು. ಹಸಿರು ಮತಪತ್ರ ಕೆಳಮನೆಯದು. ಕರ್ನಾಟಕದಲ್ಲಿ ಪದವೀಧರರ ಅಥವಾ ಶಿಕ್ಷಕರ ಕ್ಷೇತ್ರಕ್ಕೆ ಮತ ಹಾಕಿದವರಿಗೆ ಪ್ರಾಶಸ್ತ್ಯದ ಮತ ಹೊಸದಲ್ಲ: ಇಷ್ಟದ ಕ್ರಮದಲ್ಲಿ 1, 2, 3 ಎಂದು ಬರೆಯುವುದು, ಮೊದಲಿನವರು ಎಣಿಕೆಯಿಂದ ಹೊರಬಿದ್ದರೆ ಮತ ಮುಂದಿನವರಿಗೆ ಹೋಗುವುದು. ಆದರೆ ಅಲ್ಲಿ ಮೊದಲ ಪ್ರಾಶಸ್ತ್ಯ ಒಂದನ್ನು ಬರೆದರೂ ಮತ ಸಿಂಧು, ಆಯೋಗ ಕೊಟ್ಟ ನೇರಳೆ ಪೆನ್ನೇ ಆಗಬೇಕು. ಇಲ್ಲಿ ಪೆನ್ಸಿಲ್ ಇಟ್ಟಿರುತ್ತಾರೆ, ಬೇಕಾದರೆ ನಿಮ್ಮದೇ ಪೆನ್ನು. ಆದರೆ ಎಲ್ಲ ಚೌಕಕ್ಕೂ ಸಂಖ್ಯೆ ಬೇಕು. ಎಂಟು ಅಭ್ಯರ್ಥಿಗಳಿದ್ದರೆ 1ರಿಂದ 8. ಎರಡು ಕಡೆ 5 ಬರೆದರೆ ಮತ ಹೋಯಿತು. ಕೊನೆಯ ಒಂದೇ ಒಂದು ಚೌಕ ಖಾಲಿ ಬಿಟ್ಟರೆ ಮಾತ್ರ ಕ್ಷಮೆ. ಹೆಚ್ಚು ಎಡವುವವರು ನ್ಯೂ ಸೌತ್ ವೇಲ್ಸ್‌ನವರು, ಏಕೆಂದರೆ ಅಲ್ಲಿನ ರಾಜ್ಯ ಚುನಾವಣೆಯ ಕೆಳಮನೆಗೆ ಬರೀ 1 ಬರೆದರೂ ನಡೆಯುತ್ತದೆ. ಆ ರೂಢಿಯನ್ನು ಫೆಡರಲ್ ಕಾಗದಕ್ಕೆ ತಂದರೆ ಅಸಿಂಧು. ಕೆಟ್ಟರೆ ನಾಚಿಕೆ ಬೇಡ, ಅದನ್ನು ವಾಪಸು ಕೊಟ್ಟು ಹೊಸ ಕಾಗದ ಕೇಳಿ.

ಬಿಳಿ ಮತಪತ್ರ ಸೆನೆಟ್‌ನದು, ಅಂದರೆ ದೇಶದ ಸಂಸತ್ತಿನ ಮೇಲ್ಮನೆಯದು. 1999ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದ ಮೇಲ್ಮನೆಗೆ 264 ಅಭ್ಯರ್ಥಿಗಳು ನಿಂತು ಕಾಗದ ಮೇಜುಬಟ್ಟೆಯಷ್ಟಾಗಿತ್ತು. ಸೆನೆಟ್‌ನದು ಅಷ್ಟಿಲ್ಲದಿದ್ದರೂ ಮರೆಯ ಮೇಜಿಗಿಂತ ಅಗಲವಾದದ್ದುಂಟು. ಮಧ್ಯದಲ್ಲಿ ದಪ್ಪ ಗೆರೆ. ಮೇಲೆ ಬರೆದರೆ ಪಕ್ಷಗಳಿಗೆ ಕನಿಷ್ಠ 1ರಿಂದ 6, ಕೆಳಗೆ ಬರೆದರೆ ವ್ಯಕ್ತಿಗಳಿಗೆ ಕನಿಷ್ಠ 1ರಿಂದ 12. 2016ಕ್ಕೆ ಮುಂಚೆ ಮೇಲೆ ಬರೀ 1 ಬರೆದರೆ ಉಳಿದ ಪ್ರಾಶಸ್ತ್ಯವನ್ನು ಪಕ್ಷವೇ ಹಂಚುತ್ತಿತ್ತು. 2013ರಲ್ಲಿ ವಿಕ್ಟೋರಿಯಾದಿಂದ ರಿಕಿ ಮ್ಯೂರ್ ಶೇ 0.51 ಮೊದಲ ಪ್ರಾಶಸ್ತ್ಯದಲ್ಲೇ ಸೆನೆಟರ್ ಆದದ್ದು ಈ ಹಂಚಿಕೆಯ ಚಮತ್ಕಾರ. ಈಗ ನೀವು ಬರೆದಷ್ಟೇ ಮತದ ಆಯುಸ್ಸು. ಬರೆದ ಆರೂ ಪಕ್ಷಗಳು ಎಣಿಕೆಯಿಂದ ಹೊರಬಿದ್ದರೆ ನಿಮ್ಮ ಮತವೂ ಅಲ್ಲೇ ಸಾಯುತ್ತದೆ. ಆದ್ದರಿಂದ ಮೇಲೆ ಬರೆಯುವವರು ಆರಕ್ಕೆ ನಿಲ್ಲಿಸದೆ, ಗೆಲ್ಲುವ ದೊಡ್ಡ ಪಕ್ಷ ಒಂದಾದರೂ ಎಲ್ಲೋ ಬರುವವರೆಗೆ ಮುಂದುವರಿಸುವುದು ಲೇಸು. ಸಮಯ ಎರಡು ನಿಮಿಷ, ತಪ್ಪುವ ಅವಕಾಶ ಕಡಿಮೆ.

ಕೆಳಗೆ ಬರೆಯುವುದು ಒಂದೇ ಕಾರಣಕ್ಕೆ ಸಾರ್ಥಕ: ಪಕ್ಷ ಇಷ್ಟ, ಆದರೆ ಪಕ್ಷ ಜೋಡಿಸಿದ ಸಾಲು ಇಷ್ಟವಿಲ್ಲ. 2016ರಲ್ಲಿ ಟ್ಯಾಸ್ಮೇನಿಯಾದಲ್ಲಿ ಲೇಬರ್ ಪಕ್ಷ ಲಿಸಾ ಸಿಂಗ್ ಅವರನ್ನು ಆರನೇ ಜಾಗಕ್ಕೆ ತಳ್ಳಿತ್ತು. ಜನ ಗೆರೆಯ ಕೆಳಗೆ ಅವರಿಗೇ 1 ಕೊಟ್ಟು ಗೆಲ್ಲಿಸಿದರು. 2019ರಲ್ಲಿ ಅದೇ ಪಟ್ಟು ಫಲಿಸಲಿಲ್ಲ. ಟ್ಯಾಸ್ಮೇನಿಯಾದಂಥ ಸಣ್ಣ ರಾಜ್ಯದಲ್ಲೇ ಇದು ಆಗುವ ಮಾತು. ದೊಡ್ಡ ರಾಜ್ಯದಲ್ಲಿ ಮನಸ್ಸಿನ ಸಮಾಧಾನ. ಕೆಳಗೆ ತುಂಬುವಾಗ ಹನ್ನೆರಡಕ್ಕೆ ಬರುವಷ್ಟರಲ್ಲಿ ಲೆಕ್ಕ ತಪ್ಪುವವರೇ ಹೆಚ್ಚು. ಆದರೂ 1ರಿಂದ 6ರವರೆಗೆ ಸರಿಯಿದ್ದರೆ ಮತ ಉಳಿಯುತ್ತದೆ. ಮೇಲೂ ಕೆಳಗೂ ಎರಡೂ ಸರಿಯಾಗಿ ತುಂಬಿದ್ದರೆ ಕೆಳಗಿನದೇ ಲೆಕ್ಕ.

ಸಂವಿಧಾನ ತಿದ್ದಲು ನಡೆಯುವ ಜನಮತಗಣನೆಯಲ್ಲಿ ಕಾಗದ ಸುಲಭ, ಗೆಲುವು ಕಷ್ಟ. ಒಂದೇ ಚೌಕ, ಅದರಲ್ಲಿ ಇಂಗ್ಲಿಷಿನಲ್ಲಿ ‘ಯೆಸ್’ ಅಥವಾ ‘ನೋ’ ಎಂದು ಬರೆಯಬೇಕು. ರೈಟ್ ಗುರುತು ಹಾಕಿದರೆ ಯೆಸ್ ಎಂದು ಎಣಿಸುತ್ತಾರೆ; ಇಂಟು ಗುರುತು ಮಾತ್ರ ನೋ ಅಲ್ಲ, ಅಸಿಂಧು. ಇದರ ಬಗ್ಗೆ 2023ರ ಜನಮತಗಣನೆಯ ಸಮಯದಲ್ಲಿ ದೊಡ್ಡ ರಂಪವೇ ಆಯಿತು. ದೇಶದ ಬಹುಮತದ ಜೊತೆ ಆರರಲ್ಲಿ ನಾಲ್ಕು ರಾಜ್ಯಗಳ ಬಹುಮತವೂ ಬೇಕಾದ್ದರಿಂದ ಈವರೆಗಿನ 45 ಪ್ರಶ್ನೆಗಳಲ್ಲಿ ಗೆದ್ದದ್ದು 8, ಕೊನೆಯದಾಗಿ 1977ರಲ್ಲಿ.

ಎಲ್ಲವೂ ತಪ್ಪಿಹೋದರೆ ಕೆಲವು ವಾರಗಳ ನಂತರ ಆಯೋಗದ ನೋಟಿಸು ಬರುತ್ತದೆ. ಸಕಾರಣವಿದ್ದರೆ ಬರೆದು ಕಳಿಸಿ. ಆ ದಿನ ದೇಶದ ಹೊರಗಿದ್ದದ್ದು ಸಕಾರಣವೇ. ಇಲ್ಲದಿದ್ದರೆ 20 ಡಾಲರ್ ಕಟ್ಟಿ. ಆ ಪತ್ರವನ್ನು ಡ್ರಾಯರಿನಲ್ಲಿ ಹಾಕಿ ಮರೆಯುವುದೊಂದೇ ಮಾಡಬಾರದ್ದು, ಏಕೆಂದರೆ ಅಲ್ಲಿಂದ ಮುಂದೆ ವಿಷಯ ಕೋರ್ಟಿಗೆ ಹೋಗುತ್ತದೆ, ಖರ್ಚು ಇಪ್ಪತ್ತಕ್ಕೆ ನಿಲ್ಲುವುದಿಲ್ಲ.