ಬುಟೋವೊ: ತಾರೀಖು ಗೊತ್ತಿದ್ದರಷ್ಟೇ ಹೆಸರು ಸಿಗುವ ಗೋಡೆ

ಮಾಸ್ಕೋದ ದಕ್ಷಿಣ ಅಂಚಿನಲ್ಲಿರುವ ಬುಟೋವೊ ಸ್ಮಾರಕಕ್ಕೆ ಬರೀ ಹೆಸರು ಬರೆದುಕೊಂಡು ಹೋದವರು ಪರದಾಡುತ್ತಾರೆ. 1937ರ ಆಗಸ್ಟ್ 8ರಿಂದ 1938ರ ಅಕ್ಟೋಬರ್ 19ರವರೆಗೆ ಸ್ಟಾಲಿನ್ ಕಾಲದ ಗುಪ್ತ ಪೊಲೀಸರು ಇಲ್ಲಿ 20,762 ಜನರನ್ನು ಗುಂಡಿಕ್ಕಿ ಕೊಂದರು. 2017ರಲ್ಲಿ ತೆರೆದ ‘ನೆನಪಿನ ತೋಟ’ದ ಗ್ರಾನೈಟ್ ಗೋಡೆಗಳಲ್ಲಿ ಅಷ್ಟೂ ಹೆಸರುಗಳಿವೆ, ಆದರೆ ಜೋಡಿಸಿರುವುದು ಕೊಂದ ದಿನದ ಪ್ರಕಾರ. ಶ್ರಾದ್ಧಕ್ಕೆ ತಿಥಿ ಬೇಕಾದ ಹಾಗೆ ಇಲ್ಲಿ ತಾರೀಖು ಬೇಕು.

ಹಾಗಾಗಿ ಮೊದಲು ಸ್ಮಾರಕ ಕೇಂದ್ರದ ಆನ್‌ಲೈನ್ ಪಟ್ಟಿಯಲ್ಲಿ ಮನೆತನದ ಹೆಸರು, ತಂದೆಯ ಹೆಸರು, ಹುಟ್ಟಿದ ವರ್ಷ ಮೂರನ್ನೂ ತಾಳೆ ನೋಡಿ. ಎಡವುವುದು ಎರಡು ಕಡೆ. ಶಿಕ್ಷೆ ಬರೆದ ದಿನ ಬೇರೆ, ಕೊಂದ ದಿನ ಬೇರೆ. ನಡುವೆ ಹಲವು ದಿನಗಳ ಅಂತರ ಇರಬಹುದು. ಇದಕ್ಕಿಂತ ಕೆಟ್ಟದ್ದು ಹಳೆಯ ಮರಣ ಪತ್ರ. 1950ರ ದಶಕದಲ್ಲಿ ಮನೆಯವರಿಗೆ ಕೊಟ್ಟ ಪತ್ರಗಳಲ್ಲಿ ‘1943, ನ್ಯುಮೋನಿಯಾ’ ಎಂಬಂಥ ಸುಳ್ಳು ವರ್ಷ, ಸುಳ್ಳು ಕಾಯಿಲೆಗಳನ್ನು ಸರ್ಕಾರವೇ ಬರೆಸಿತ್ತು. ಅದನ್ನು ನಂಬಿ ಹೋದರೆ ಗೋಡೆಯಲ್ಲಿ ಏನೂ ಸಿಗದು.

ರಷ್ಯನ್ ಲಿಪಿ ಬಾರದವರು ಇಷ್ಟು ನೆನಪಿಟ್ಟುಕೊಳ್ಳಿ: ಇಂಗ್ಲಿಷಿನ ‘ಪಿ’ಯಂತೆ ಕಾಣುವುದು ‘ರ’, ‘ಎಚ್’ನಂತೆ ಕಾಣುವುದು ‘ನ’, ‘ಸಿ’ಯಂತಿರುವುದು ‘ಸ’.

ಅಕ್ಷರಾನುಕ್ರಮ ಇದ್ದಿದ್ದರೆ ಹುಡುಕುವುದು ಸಲೀಸು, ಒಪ್ಪೋಣ. ಆದರೂ ಈ ಜೋಡಣೆಯೇ ಸರಿ. ಹೆಣಗಳನ್ನು ಹೂತ ಕಂದಕದ ಆಕಾರದ ದಾರಿಯಲ್ಲಿ ಇಳಿದು ನಡೆಯುತ್ತಾ 1938ರ ಫೆಬ್ರವರಿ 28ಕ್ಕೆ ಬಂದರೆ ಒಂದೇ ತಾರೀಖಿನ ಕೆಳಗೆ 562 ಹೆಸರು. ಓದಿ ಮುಗಿಯುವುದೇ ಇಲ್ಲ.

ಹೂವು ಯಾವ ಸಮಾಧಿಯ ಮೇಲಿಡಬೇಕು ಎಂದು ಕೇಳಬೇಡಿ, ಒಬ್ಬೊಬ್ಬರಿಗೆ ಬೇರೆ ಸಮಾಧಿ ಇಲ್ಲ. ಮೈದಾನದಲ್ಲಿ 13 ಕಂದಕಗಳ ಗುರುತಿಗೆ ಹುಲ್ಲು ಬೆಳೆದ ಉದ್ದನೆಯ ದಿಬ್ಬಗಳಿವೆ. ಅವುಗಳ ಮೇಲೆ ಕಾಲಿಡುವಂತಿಲ್ಲ. ಹೂವು, ಮೋಂಬತ್ತಿ ಗೋಡೆಯ ಬುಡದಲ್ಲಿಟ್ಟರಾಯಿತು.

ತಕರಾರು ಒಂದಿದೆ. 1995ರಲ್ಲಿ ಜಾಗ ರಷ್ಯನ್ ಆರ್ಥೊಡಾಕ್ಸ್ ಚರ್ಚಿನ ಕೈಗೆ ಬಂದ ಮೇಲೆ ಎಲ್ಲವೂ ಇಲ್ಲಿ ಸತ್ತವರ ಪೈಕಿ ಚರ್ಚು ಸಂತರೆಂದು ಸಾರಿದವರ ಸುತ್ತಲೇ ಸುತ್ತುತ್ತದೆ. ಧರ್ಮದ ಕಾರಣಕ್ಕೆ ಸತ್ತವರು ಸುಮಾರು 1,000. ಉಳಿದವರಲ್ಲಿ ಹೆಚ್ಚಿನವರು ರೈತರು, ಕಾರ್ಮಿಕರು. ಅವರ ಬಗ್ಗೆ ವಿವರಣೆ ಸಾಲದು. ಹಾಗಂತ 2007ರ ಬಿಳಿ ಚರ್ಚನ್ನು ಬಿಟ್ಟು ಬರಬೇಡಿ: ಕೆಳ ಅಂತಸ್ತಿನ ಗಾಜಿನ ಪೆಟ್ಟಿಗೆಯಲ್ಲಿ ಅಗೆತದಲ್ಲಿ ಸಿಕ್ಕ ಬೂಟು, ಕೈಗವಸುಗಳಿವೆ.

ಅಕ್ಟೋಬರ್ 30 ಸ್ಮರಣೆಯ ದಿನ. ಅಂದು ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾರೆ. ಚಳಿ ಜೋರು, ದಪ್ಪ ಕೋಟು ಬೇಕೇ ಬೇಕು.