ನಾಲ್ಕು ಅಡಿ ಮೀನಿನ ಟ್ಯಾಂಕಿನ ಫ್ರೇಮ್ ಕತ್ತರಿಸೋದಾ, ಹೊಸ ರಿಮ್‌ಲೆಸ್ ಮಾಡಿಸೋದಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೊಸದಾಗಿ ಮಾಡಿಸಿದ ಎರಡು ಅಡಿಯ ರಿಮ್‌ಲೆಸ್, ಅಂದರೆ ಫ್ರೇಮ್ ಇಲ್ಲದ, ಟ್ಯಾಂಕಿಗೆ. ಹಳೇ ಟ್ಯಾಂಕಿನ ಅಡ್ಡಪಟ್ಟಿ ಕತ್ತರಿಸುವುದು, ಫ್ರೇಮ್ ಬಿಚ್ಚಿ ಗಾಜಿನ ಪಟ್ಟಿ ಅಂಟಿಸುವುದು, ಇವೆರಡನ್ನೂ ಮಾಡಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಇದಕ್ಕೆಂದೇ ಒಂದು ಸೆಕೆಂಡ್ ಹ್ಯಾಂಡ್ ಟ್ಯಾಂಕ್ ತಂದಿದ್ದೆ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಎತ್ತರ, 6 ಮಿ.ಮೀ. ಗಾಜು. ಮೇಲೆ ಕೆಳಗೆ ಕಪ್ಪು ಪ್ಲಾಸ್ಟಿಕ್ ಫ್ರೇಮ್, ನಡುವೆ ಒಂದು ಅಡ್ಡಪಟ್ಟಿ. ಟ್ಯಾಂಕಿನೊಳಗೆ ಗಿಡ ಬೆಳೆಸುವವರಿಗೆ ಆ ಪಟ್ಟಿ ಕಂಡರೆ ಆಗುವುದಿಲ್ಲ. ಅದರ ನೆರಳು ಬೀಳುವ ಕಡೆ ಗಿಡ ಸೊರಗುತ್ತದೆ, ಕೈ ಹಾಕಿ ಕತ್ತರಿಸಲೂ ಅಡ್ಡಿ. 'ಫ್ರೇಮ್ ಬರೀ ಶೋಕಿಗೆ ಸರ್, ತೆಗೆದುಹಾಕಿ' ಎನ್ನುವವರೂ ಸಿಗುತ್ತಾರೆ.

ಶೋಕಿಗಲ್ಲ. ಈ ಅಳತೆಯ ಟ್ಯಾಂಕಿನಲ್ಲಿ ನೀರು 45 ಸೆಂ.ಮೀ. ನಿಂತರೆ ಮುಂದಿನ ಗಾಜನ್ನು ಸುಮಾರು 120 ಕೆ.ಜಿ.ಯಷ್ಟು ಬಲ ಹೊರಗೆ ತಳ್ಳುತ್ತದೆ. ಎರಡು ಅಡಿ ಉದ್ದ, ಒಂದು ಅಡಿ ಎತ್ತರದ ಟ್ಯಾಂಕಿನಲ್ಲಿ ಅದು ಹತ್ತಿರ ಹತ್ತಿರ 27 ಕೆ.ಜಿ. ಮಾತ್ರ. ನೀರಿನ ಎತ್ತರ ದುಪ್ಪಟ್ಟಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ. ಮುಂದಿನ, ಹಿಂದಿನ ಗಾಜುಗಳನ್ನು ಆ ಅಡ್ಡಪಟ್ಟಿ ಸೌದೆ ಹೊರೆಗೆ ಬಿಗಿದ ಹಗ್ಗದ ಹಾಗೆ ಹಿಡಿದಿರುತ್ತದೆ. ಫ್ರೇಮ್ ಇದೆ ಎಂಬ ಲೆಕ್ಕದ ಮೇಲೆಯೇ ತೆಳು ಗಾಜು ಹಾಕಿರುತ್ತಾರೆ.

ಮೊದಲು ಅಡ್ಡಪಟ್ಟಿ ಮಾತ್ರ ಕತ್ತರಿಸಿದೆ. ಮೀನಿಲ್ಲದೆ, ಮನೆ ಹೊರಗೆ, ಅಂಗಳದಲ್ಲಿ. ನೀರು ಮುಕ್ಕಾಲು ಭಾಗ ತುಂಬುವಷ್ಟರಲ್ಲಿ ಮುಂದಿನ ಗಾಜು ನಡುವೆ ಉಬ್ಬಿತು. ಸ್ಟೀಲ್ ಸ್ಕೇಲ್ ಇಟ್ಟು ನೋಡಿದರೆ ಸುಮಾರು 4 ಮಿ.ಮೀ. ಅಲ್ಲಿಗೆ ಪೈಪ್ ಹಾಕಿ ನೀರು ಖಾಲಿ ಮಾಡಿದೆ. ಗಾಜು ಅವತ್ತೇ ಒಡೆಯಬೇಕೆಂದೇನಿಲ್ಲ. ಆದರೆ ಮೂಲೆಯಲ್ಲಿ ಗಾಜು ಜೋಡಿಸಿರುವ ಸಿಲಿಕಾನ್ ಅಂಟು ಹಗಲೂ ರಾತ್ರಿ ಎಳೆತದಲ್ಲಿರುತ್ತದೆ. ಅದು ಯಾವತ್ತು ಬಿಡುತ್ತದೆ ಅಂತ ಯಾರು ಹೇಳುತ್ತಾರೆ? 240 ಲೀಟರ್ ನೀರು ಹಾಲ್‌ನಲ್ಲಿ ಹರಿದರೆ ಕೆಳಗಿನ ಮನೆಯವರ ಸೀಲಿಂಗ್‌ಗೂ ಹೋಗುತ್ತದೆ.

ಎರಡನೆಯದು ಗಾಜಿನ ಪಟ್ಟಿ. ಮೇಲಿನ ಫ್ರೇಮ್ ಪೂರ್ತಿ ತೆಗೆದು, ಉದ್ದದ ಎರಡೂ ಬದಿಗೆ ಒಳಗಡೆ ಎರಡು ಇಂಚು ಅಗಲದ ಪಟ್ಟಿ, ನಡುವೆ ಒಂದು ಅಡ್ಡ ಗಾಜು. ನಮ್ಮಲ್ಲಿ ಅಂಗಡಿಯವರು ಕಟ್ಟುವ ಎಷ್ಟೋ ಟ್ಯಾಂಕುಗಳು ಹೀಗೇ ಇರುತ್ತವೆ, ಗಟ್ಟಿಯಾಗಿಯೂ ಇರುತ್ತವೆ. ತೊಂದರೆ ಇರುವುದು ಹಳೇ ಸಿಲಿಕಾನ್‌ನಲ್ಲಿ.

ಒಣಗಿ ಗಟ್ಟಿಯಾದ ಸಿಲಿಕಾನ್ ಮೇಲೆ ಹೊಸ ಸಿಲಿಕಾನ್ ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಫ್ರೇಮ್ ಕೂತಿದ್ದ ಜಾಗವನ್ನೆಲ್ಲ ಬ್ಲೇಡಿನಿಂದ ಕೆರೆಯಬೇಕು. ಕೆರೆದು ಮುಗಿಯಿತು ಅನ್ನಿಸಿದ ಮೇಲೂ ಕಣ್ಣಿಗೆ ಕಾಣದ ತೆಳು ಪದರ ಉಳಿದಿರುತ್ತದೆ. ನೀರು ಚಿಮುಕಿಸಿ ನೋಡಿ. ಪದರ ಇರುವ ಕಡೆ ನೀರು ಮಣಿಮಣಿಯಾಗಿ ನಿಲ್ಲುತ್ತದೆ, ಶುದ್ಧ ಗಾಜಿನ ಮೇಲೆ ಹರಡಿಕೊಳ್ಳುತ್ತದೆ. ನಾಲ್ಕು ಅಡಿ ಉದ್ದಕ್ಕೂ, ಎರಡೂ ಬದಿ, ಇದೇ ಕೆಲಸ. ಬೆರಳು ಸೋತುಹೋಗುತ್ತದೆ.

ಅದಕ್ಕಿಂತ ಕಷ್ಟ ಮೂಲೆಗಳದ್ದು. ಪಟ್ಟಿ ಮೂಲೆಯವರೆಗೆ ಹೋಗಬೇಕು, ಅಂದರೆ ಬ್ಲೇಡೂ ಮೂಲೆಯವರೆಗೆ ಹೋಗಬೇಕು. ಆದರೆ ಇಡೀ ಟ್ಯಾಂಕನ್ನು ಹಿಡಿದಿರುವ ಜೋಡಣೆ ಇರುವುದೂ ಅಲ್ಲೇ. ಕೆಲಸಕ್ಕೆ ಕರೆದವರು ಕೈ ಪಳಗಿದವರೇ. ಆದರೂ ಒಂದು ಮೂಲೆಯಲ್ಲಿ ಬ್ಲೇಡ್ ಒಳಕ್ಕೆ ಇಳಿಯಿತು. ಪಟ್ಟಿ ಅಂಟಿಸಿ, ಹಸಿ ಸಿಲಿಕಾನ್‌ನ ವಿನಿಗರ್ ವಾಸನೆ ಪೂರ್ತಿ ಹೋಗುವವರೆಗೆ ಒಣಗಿಸಿ, ನೀರು ತುಂಬಿದರೆ ಗಾಜು ಉಬ್ಬಲಿಲ್ಲ. ಆದರೆ ಆ ಮೂಲೆಯಿಂದ ನೀರು ಜಿನುಗಿತು. ಅಷ್ಟಕ್ಕೇ ಹಚ್ಚಿ ಮುಚ್ಚೋಣ ಎಂದರೆ ಮತ್ತೆ ಅದೇ ಕಥೆ, ಹಳೆಯದರ ಮೇಲೆ ಹೊಸದು ಹಿಡಿಯುವುದಿಲ್ಲ. ಒಳಗಿನ ಸೀಲ್ ಪೂರ್ತಿ ಕಿತ್ತು ಹೊಸದಾಗಿ ಹಾಕಬೇಕು. ಅಷ್ಟು ಮಾಡುವುದಾದರೆ ಟ್ಯಾಂಕನ್ನೇ ಹೊಸದಾಗಿ ಕಟ್ಟಿದ ಹಾಗಾಯಿತು, ಅಲ್ವಾ?

ಒಂದು ಎಚ್ಚರಿಕೆ: ಬಾತ್‌ರೂಮಿಗೆ ಬಳಸುವ, ಬೂಸ್ಟು ಹಿಡಿಯದ ಸಿಲಿಕಾನ್ ಬೇಡವೇ ಬೇಡ. ಅದರಲ್ಲಿರುವ ಮದ್ದು ಮೀನಿಗೆ ವಿಷ.

ಕೆಳಗಿನ ಫ್ರೇಮಿನ ವಿಚಾರದಲ್ಲಿ ನಾನು ಪ್ರಯೋಗಕ್ಕೇ ಹೋಗಲಿಲ್ಲ. ಇಂಥ ಎಷ್ಟೋ ಟ್ಯಾಂಕುಗಳಲ್ಲಿ ತಳದ ಗಾಜು ಸ್ಟ್ಯಾಂಡಿಗೆ ತಾಗದೆ ಸ್ವಲ್ಪ ಮೇಲಿರುತ್ತದೆ, ಭಾರವೆಲ್ಲ ಅಂಚಿನ ಫ್ರೇಮಿನ ಮೇಲೆ ಕೂರುತ್ತದೆ. ಅದನ್ನು ಕಿತ್ತರೆ ಲೆಕ್ಕವೇ ತಪ್ಪುತ್ತದೆ. ಅಂಥ ಟ್ಯಾಂಕಿನ ಅಡಿಗೆ ಥರ್ಮೊಕೋಲ್ ಇಡುವುದೂ ಸರಿಯಲ್ಲ, ಅದು ತಳದ ಗಾಜನ್ನು ಮೇಲಕ್ಕೆ ಒತ್ತುತ್ತದೆ. ರಿಮ್‌ಲೆಸ್‌ಗೆ ಮಾತ್ರ ಥರ್ಮೊಕೋಲ್ ಅಥವಾ ಫೋಮ್ ಬೇಕೇ ಬೇಕು.

ಇನ್ನು ನನ್ನ ರಿಮ್‌ಲೆಸ್. 8 ಮಿ.ಮೀ. ಗಾಜು, ಅಂಚು ಪಾಲಿಶ್. ನೆರಳಿಲ್ಲ, ವಾರವಾರ ಗಿಡ ಕತ್ತರಿಸುವ ನನ್ನ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಹಳೇ ಟ್ಯಾಂಕಿನ ಬೆಲೆ, ಗಾಜಿನ ಪಟ್ಟಿ, ಕೂಲಿ ಸೇರಿಸಿ ನೋಡಿದರೆ ಇದೇ ಕಡಿಮೆಗೆ ಬಂತು. ಕೊರತೆ ಇಲ್ಲ ಅಂತಲ್ಲ. ಬೋರ್‌ವೆಲ್ ನೀರಿನ ಬಿಳಿ ಕಲೆ ಅಂಚಿನಲ್ಲಿ ಎದ್ದು ಕಾಣುತ್ತದೆ, ಫ್ರೇಮ್ ಇದ್ದರೆ ಅದು ಮುಚ್ಚಿಹೋಗುತ್ತಿತ್ತು. ಮುಚ್ಚಳ ಇಲ್ಲದ್ದರಿಂದ ಹಾರುವ ಮೀನು ಬಿಡುವಂತಿಲ್ಲ.

ಅದಕ್ಕೇ ನಮ್ಮ ಪಶ್ಚಿಮ ಘಟ್ಟದ ಮಿಸ್ ಕೇರಳ ಮೀನುಗಳು ಹಾಲ್‌ನಲ್ಲಿರುವ ಇನ್ನೊಂದು ನಾಲ್ಕು ಅಡಿ ಟ್ಯಾಂಕಿನಲ್ಲಿವೆ. ಅವಕ್ಕೆ ಈಜಲು ಉದ್ದ ಬೇಕು, ಹಾರುವ ಬುದ್ಧಿಯೂ ಇದೆ. ಅದರ ಫ್ರೇಮ್, ಮುಚ್ಚಳ ಎರಡೂ ಹಾಗೇ ಇವೆ. ಒಂದು ಉದ್ದ ಲೈಟಿನ ಬದಲು ಅಡ್ಡಪಟ್ಟಿಯ ಆಚೆ ಈಚೆ ಒಂದೊಂದು ಸಣ್ಣ ಎಲ್‌ಇಡಿ ಹಾಕಿದ್ದೇನೆ. ಪಟ್ಟಿಯ ಕೆಳಗೆ ಅನುಬಿಯಾಸ್ ಮತ್ತು ಜಾವಾ ಫರ್ನ್. ಎರಡಕ್ಕೂ ಕಡಿಮೆ ಬೆಳಕು ಸಾಕು, ಚೆನ್ನಾಗಿಯೇ ಬಂದಿವೆ.

ನಿಮ್ಮ ಟ್ಯಾಂಕಿನ ಅಡ್ಡಪಟ್ಟಿ ಈಗಾಗಲೇ ಬಿರುಕು ಬಿಟ್ಟಿದ್ದರೆ ಇವತ್ತೇ ನೀರನ್ನು ಅರ್ಧಕ್ಕೆ ಇಳಿಸಿ, ಆಮೇಲೆ ರಿಪೇರಿಯವರಿಗೆ ಫೋನ್ ಮಾಡಿ.