ಟ್ಯಾಲಿ, ವೈರಿಂಗ್, ಮೋಡಿ, ಹೊಲಿಗೆ: ನಾಲ್ಕರಲ್ಲಿ ಕೈಗೆ ಹತ್ತಿದ್ದೆಷ್ಟು?

ನಮ್ಮ ಅಡುಗೆಮನೆಯ ದೀಪವನ್ನು ಹದಿನಾಲ್ಕು ವರ್ಷ ಆರಿಸುತ್ತಾ ಬಂದಿದ್ದೆ. ದೀಪವೇನೋ ಆರುತ್ತಿತ್ತು, ಹೋಲ್ಡರಿನಲ್ಲಿ ಕರೆಂಟ್ ಮಾತ್ರ ಹಾಗೆಯೇ ನಿಂತಿರುತ್ತಿತ್ತು. ವೈರಿಂಗ್ ತರಗತಿಗೆ ಸೇರಿದ ಮೂರನೆಯ ವಾರ ಸ್ಟೂಲು ಹತ್ತಿ, ಸ್ವಿಚ್ ಆಫ್ ಮಾಡಿ, ಬಲ್ಬ್ ತೆಗೆದು ಟೆಸ್ಟರ್ ಇಟ್ಟೆ. ಅದರೊಳಗಿನ ಪುಟ್ಟ ದೀಪ ಕೆಂಪಗೆ ಹೊತ್ತಿಕೊಂಡಿತು. ಮನೆ ಕೊಂಡಾಗ ಕೆಲಸ ಮಾಡಿದವನು ಸ್ವಿಚ್ಚನ್ನು ಕರೆಂಟ್ ತರುವ ಫೇಸ್ ತಂತಿಗೆ ಕೊಡುವ ಬದಲು ಅದು ಮರಳಿ ಹೋಗುವ ನ್ಯೂಟ್ರಲ್ ತಂತಿಗೆ ಕೊಟ್ಟು ಹೋಗಿದ್ದ. ಇಷ್ಟು ವರ್ಷ ದೀಪಾವಳಿಗೊಮ್ಮೆ ಒದ್ದೆ ಬಟ್ಟೆ ಹಿಡಿದು ಆ ಹೋಲ್ಡರನ್ನು ಒರೆಸಿದವಳು ನಾನೇ.

ಊರು ಬೆಳಗಾವಿ ಕಡೆ, ಮನೆ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ಮಗ ಓದಲೆಂದು ಪುಣೆಗೆ ಹೋದ ಮೇಲೆ ಸಂಜೆಗಳು ಖಾಲಿಯಾದವು. ಮಧ್ಯ ರೈಲ್ವೆಯಲ್ಲಿ ಕೆಲವು ನಿಲ್ದಾಣಗಳ ಆಚೆಗಿರುವ ಒಂದು ಸಮುದಾಯ ಕಾಲೇಜಿನಲ್ಲಿ ಎರಡು ವರ್ಷಗಳಲ್ಲಿ ನಾಲ್ಕು ಕೋರ್ಸುಗಳಿಗೆ ಹಣ ಕಟ್ಟಿದೆ. ಮೂರನ್ನು ಮುಗಿಸಿದೆ, ಒಂದನ್ನು ನಡುವೆಯೇ ಬಿಟ್ಟೆ. ಕಾಲೇಜಿನ ಹೆಸರು ಬೇಡ. ಹೊಗಳಿಕೆಯ ಜೊತೆಗೆ ದೂರೂ ಇದೆ. ನಾನು ಕಟ್ಟಿದ ಫೀಸು ಹೀಗಿತ್ತು: ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿ ಮತ್ತು ಜಿಎಸ್‌ಟಿಗೆ 4,500 ರೂಪಾಯಿ, ಮನೆ ವೈರಿಂಗಿಗೆ 3,000, ಹೊಲಿಗೆಗೆ 2,500, ಮರಾಠಿಯ ಹಳೆಯ ಮೋಡಿ ಲಿಪಿಗೆ 1,200.

ಇಂಥ ಕಾಲೇಜಿನ ಕಲ್ಪನೆ ಅಮೆರಿಕದ್ದು. ಅಲ್ಲಿನ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲೇ ಒಂದು ಶುರುವಾಯಿತು. ನಮ್ಮ ದೇಶದಲ್ಲಿ 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ ಮೊದಲು ತೆರೆಯಿತು. ಮುಂಬಯಿ ಕನ್ನಡಿಗರಿಗೆ ಮಾತ್ರ ಇದೇನು ಹೊಸದಲ್ಲ. ನಮ್ಮ ಕಟ್ಟಡದ ಮೂರನೆಯ ಮಹಡಿಯ ಹಿರಿಯರು ಹಗಲೆಲ್ಲ ಫೋರ್ಟಿನ ಕ್ಯಾಂಟೀನಿನಲ್ಲಿ ಕಪ್ಪು-ಬಸಿ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕುಳಿತು ಮೆಟ್ರಿಕ್ ಮುಗಿಸಿದವರು. ನನ್ನ ಕೈಯಲ್ಲಿದ್ದ ಅರ್ಜಿಯನ್ನು ಓದಿ, "ಇದು ನಮ್ಮ ರಾತ್ರಿ ಶಾಲೆಯೇ ಅಲ್ಲವೇನಮ್ಮ, ಫೀಸು ಮಾತ್ರ ಜಾಸ್ತಿ" ಎಂದರು.

ನಾಲ್ಕನ್ನೂ ತೂಗಲು ನನ್ನದು ಒಂದೇ ತಕ್ಕಡಿ. ಎರಡು ಗಂಟೆಯ ತರಗತಿಯಲ್ಲಿ ಕಲಿಯುವ ವಸ್ತು ನನ್ನ ಕೈಯಲ್ಲಿ ಎಷ್ಟು ಹೊತ್ತು ಇತ್ತು? ಪ್ರಮಾಣಪತ್ರ, ಪಠ್ಯಕ್ರಮ, ಹವಾನಿಯಂತ್ರಿತ ಕೊಠಡಿ ಎಲ್ಲ ಆಮೇಲಿನ ಮಾತು.

ಟ್ಯಾಲಿಯಲ್ಲಿ ಈ ಲೆಕ್ಕ ಸೋತಿತು. ಒಂದು ಕಂಪ್ಯೂಟರಿಗೆ ಇಬ್ಬರು. ನನ್ನ ಜೊತೆಗಿದ್ದವಳು ಹತ್ತೊಂಬತ್ತರ ಹುಡುಗಿ, ಬೆರಳು ಕೀಲಿಮಣೆಯ ಮೇಲೆ ಮಳೆಯಂತೆ ಬೀಳುತ್ತಿದ್ದವು. ಬ್ಯಾಂಕಿಗೆ ನಗದು ಕಟ್ಟಿದ್ದು ಕಾಂಟ್ರಾ, ಅದಕ್ಕೆ ಎಫ್4 ಎಂದು ನಾನು ನೆನಪಿಸಿಕೊಳ್ಳುವಷ್ಟರಲ್ಲಿ ಅವಳು ಎಫ್8ರಲ್ಲಿ ಮಾರಾಟದ ಬಿಲ್ ಮುಗಿಸಿರುತ್ತಿದ್ದಳು. "ಆಂಟಿ, ನೀವು ಹೇಳಿ, ನಾನು ಒತ್ತುತ್ತೇನೆ" ಎನ್ನುತ್ತಿದ್ದಳು, ಪಾಪ, ಒಳ್ಳೆಯ ಮನಸ್ಸಿನಿಂದಲೇ. ಬಿ.ಕಾಂ. ಮುಗಿಸಿದ ನನಗೆ ಡೆಬಿಟ್ ಕ್ರೆಡಿಟ್ ಗೊತ್ತು, ಬೆರಳಿಗೆ ಗೊತ್ತಿಲ್ಲ, ಅವಳದ್ದು ತಿರುಗುಮುರುಗು. ಮೂರು ತಿಂಗಳಾದ ಮೇಲೂ ಇಬ್ಬರೂ ಹಾಗೆಯೇ ಉಳಿದೆವು.

ಅಲ್ಲಿ ಇದ್ದದ್ದು ಟ್ಯಾಲಿಯ ಕಲಿಕೆಯ ಆವೃತ್ತಿ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ವೋಚರ್ ಬರೆಯಲು ಸಾಧ್ಯ. ನಮ್ಮ ಕಾಲ್ಪನಿಕ ಕಿರಾಣಿ ಅಂಗಡಿ ತಿಂಗಳ ಮೊದಲೆರಡು ದಿನ ಭರ್ಜರಿ ವ್ಯಾಪಾರ ಮಾಡಿ, ನಾಲ್ಕು ವಾರ ಬಾಗಿಲು ಹಾಕಿಕೊಂಡು, ಕೊನೆಯ ದಿನ ಮತ್ತೆ ತೆರೆಯುತ್ತಿತ್ತು. ಕಲಿಯಲು ಅಷ್ಟು ಸಾಕು ಎನ್ನಿ. ತೊಡಕು ಬೇರೆ ಕಡೆ ಇತ್ತು. ಮಹಾರಾಷ್ಟ್ರದೊಳಗಿನ ಮಾರಾಟಕ್ಕೆ ತೆರಿಗೆ ಕೇಂದ್ರಕ್ಕೆ ಅರ್ಧ ರಾಜ್ಯಕ್ಕೆ ಅರ್ಧ, ಗಡಿಯಾಚೆ ಕರ್ನಾಟಕದ ನಿಪ್ಪಾಣಿಯ ಗಿರಾಕಿಗೆ ಕಳುಹಿಸಿದರೆ ಐಜಿಎಸ್‌ಟಿ ಎಂಬ ಒಂದೇ ತೆರಿಗೆ. ಇದನ್ನು ಸರ್ ಚೆನ್ನಾಗಿಯೇ ತಿಳಿಸಿಕೊಟ್ಟರು. ಆದರೆ 5, 12, 18, 28 ಎಂದು ನಾನು ಮಗ್ಗಿಯಂತೆ ಬಾಯಿಪಾಠ ಮಾಡಿದ ದರಗಳಲ್ಲಿ 12 ಮತ್ತು 28ರ ಹಂತಗಳು 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಸರಕುಗಳಿಗೆ ಇಲ್ಲವಾದವು. ನೋಟ್‌ಬುಕ್‌ನ ಎಂಟು ಹಾಳೆ ರದ್ದಿಗೆ ಹೋಯಿತು. ಇಷ್ಟಾದರೂ ಒಂದು ಮಾತು ಒಪ್ಪಿಕೊಳ್ಳಬೇಕು: ನಾಲ್ಕರಲ್ಲಿ ನನಗೆ ದುಡ್ಡು ತಂದದ್ದು ಇದೊಂದೇ. ನಮ್ಮ ಓಣಿಯ ಸ್ಟೇಷನರಿ ಅಂಗಡಿಯವರ ಲೆಕ್ಕವನ್ನು ವಾರಕ್ಕೆ ಎರಡು ಮಧ್ಯಾಹ್ನ ಬರೆಯುತ್ತೇನೆ. ನಿಜವಾಗಿ ಟ್ಯಾಲಿ ಕಲಿತದ್ದೂ ಅಲ್ಲಿಯೇ, ಅವರ ಹಳೆಯ ಕಂಪ್ಯೂಟರಿನ ಮುಂದೆ ಒಬ್ಬಳೇ ಕುಳಿತು.

ಇನ್ನು ವೈರಿಂಗ್. ಇಪ್ಪತ್ತು ಜನರಲ್ಲಿ ಹೆಂಗಸರು ಇಬ್ಬರು. ಕಲಿಸುವ ಸರ್ ಮೊದಲ ದಿನವೇ ನನ್ನನ್ನು "ತಾಯಿ" ಎಂದರು. ಮರಾಠಿಯಲ್ಲಿ ಅದು ಅಕ್ಕ ಎಂದು ನನಗೆ ಗೊತ್ತಿದ್ದರೂ, ಐವತ್ತೈದು ದಾಟಿದ ಮನುಷ್ಯ ಹಾಗೆ ಕರೆದಾಗ ಕನ್ನಡದ ಕಿವಿ ಒಂದು ಕ್ಷಣ ಬೆಚ್ಚಿತು. ತಲೆಗೊಂದು ಮರದ ಹಲಗೆ, ಇಕ್ಕಳ, ಸ್ಕ್ರೂಡ್ರೈವರ್, ಟೆಸ್ಟರ್. ಎರಡು ಗಂಟೆಯಲ್ಲಿ ಒಂದೂಮುಕ್ಕಾಲು ಗಂಟೆ ಕೈ ಕೆಲಸವೇ. ಮೊದಲ ವಾರ ಕರೆಂಟಿನ ಸುದ್ದಿಯೇ ಇಲ್ಲ, ಬರೀ ವೈರಿನ ಸಿಪ್ಪೆ ಸುಲಿಯುವುದು. ಒಳಗಿನ ತಾಮ್ರದ ಎಳೆಗಳಲ್ಲಿ ಒಂದು ತುಂಡಾದರೂ ಆ ಭಾಗವನ್ನು ಕತ್ತರಿಸಿ ಮತ್ತೆ ಮೊದಲಿನಿಂದ. ಬೀನ್ಸಿನ ನಾರು ತೆಗೆದು ರೂಢಿಯಿದ್ದ ನನಗೆ ಈ ಪರೀಕ್ಷೆ ಸುಲಭವಾಯಿತು. ಪಕ್ಕದ ಹುಡುಗರು ಅರ್ಧ ಸುರುಳಿ ವೈರನ್ನು ಕಸ ಮಾಡಿದರು.

ಆಮೇಲೆ ದೀಪಕ್ಕೆ 1.5 ಚದರ ಮಿಲಿಮೀಟರಿನ ವೈರು, ಗೀಸರಿನಂಥ ಭಾರಕ್ಕೆ 4; ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥಿಂಗಿನ ಪಿನ್ ಮಾತ್ರ ಉದ್ದ ಮತ್ತು ದಪ್ಪ, ಏಕೆಂದರೆ ಒಳಗೆ ಅದು ಮೊದಲು ಮುಟ್ಟಬೇಕು, ಹೊರಗೆ ಬರುವಾಗ ಕೊನೆಗೆ ಬಿಡಬೇಕು. ಇವುಗಳನ್ನು ದಿನಾ ಕಣ್ಣಾರೆ ನೋಡುತ್ತಿದ್ದೆ, ಏಕೆ ಹಾಗೆ ಎಂದು ಕೇಳಿರಲಿಲ್ಲ.

ಇಡೀ ಕೋರ್ಸಿನ ಫೀಸು ವಸೂಲಾದದ್ದು ಸೀರೀಸ್ ಬೋರ್ಡಿನಲ್ಲಿ. ಅದು ಒಂದು 100 ವ್ಯಾಟ್ ಬಲ್ಬ್ ಮತ್ತು ಒಂದು ಸಾಕೆಟ್ ಒಂದರ ಹಿಂದೆ ಒಂದು ಬರುವಂತೆ ಜೋಡಿಸಿದ ಹಲಗೆ. ಅನುಮಾನವಿರುವ ಸಾಮಾನನ್ನು ನೇರ ಕರೆಂಟಿಗೆ ಕೊಡದೆ ಈ ಸಾಕೆಟ್ಟಿಗೆ ಚುಚ್ಚಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಕಿನಿಂದ ಉರಿಯುತ್ತದೆ, ತಂತಿ ಎಲ್ಲೋ ಕಡಿದಿದ್ದರೆ ಉರಿಯುವುದೇ ಇಲ್ಲ. ನಮ್ಮ ಮಿಕ್ಸರ್ ಚುಚ್ಚಿದ ಕೂಡಲೇ ಮನೆಯ ಎಂಸಿಬಿ (ಕರೆಂಟ್ ಅತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತಿತ್ತು, "ಮೋಟಾರು ಸುಟ್ಟಿದೆ, ಹೊಸದು ತೆಗೆದುಕೊಳ್ಳೋಣ" ಎಂದು ನಮ್ಮ ಮನೆಯವರು ತೀರ್ಪು ಕೊಟ್ಟಾಗಿತ್ತು. ಅದನ್ನು ಚೀಲದಲ್ಲಿ ಹಾಕಿ ಲೋಕಲ್ ಹತ್ತಿ ತರಗತಿಗೆ ಒಯ್ದೆ. ಬಲ್ಬ್ ಝಗ್ಗೆಂದು ಹೊತ್ತಿತು. ಸ್ವಿಚ್ ಆಫ್ ಇದ್ದರೂ ಉರಿಯುತ್ತಿದೆಯಲ್ಲ, ಹಾಗಾದರೆ ತಪ್ಪು ಮೋಟಾರಿನದಲ್ಲ, ಅದಕ್ಕಿಂತ ಹಿಂದೆ ಎಲ್ಲೋ ಇದೆ ಎಂದರು ಸರ್. ವೈರನ್ನು ಬೆರಳಿನಲ್ಲಿ ಬಗ್ಗಿಸುತ್ತಾ ಬಂದೆ. ಪ್ಲಗ್ಗಿನ ಕುತ್ತಿಗೆಯ ಹತ್ತಿರ ಒತ್ತಿದಾಗ ಬಲ್ಬ್ ಮಿಣುಕಿತು. ಅಲ್ಲಿ ನಾಲ್ಕು ಬೆರಳಿನಷ್ಟು ಕತ್ತರಿಸಿ, ಹೊಸ ಪ್ಲಗ್ ಹಾಕಿ, ಮರುದಿನ ಬೆಳಿಗ್ಗೆ ಅದರಲ್ಲೇ ಚಟ್ನಿ ರುಬ್ಬಿದೆ. ಮನೆಯವರು ಇಡ್ಲಿ ತಿನ್ನುತ್ತಾ ಮೋಟಾರಿನ ವಿಷಯ ಎತ್ತಲಿಲ್ಲ.

ಆದರೆ ಈ ಪ್ರಮಾಣಪತ್ರ ಹಿಡಿದುಕೊಂಡು ಊರಿನವರ ಮನೆಗೆಲ್ಲ ವೈರಿಂಗ್ ಮಾಡಲು ಹೊರಡುವಂತಿಲ್ಲ. ಅದಕ್ಕೆ ಸರ್ಕಾರದ ಪರವಾನಗಿ ಬೇರೆಯೇ ಬೇಕು. ಸೇರುವಾಗ ಕೌಂಟರಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಉದ್ಯೋಗವೆಂದು ನಂಬಿ ಬಂದಿದ್ದ ಇಬ್ಬರು ಹುಡುಗರಿಗೆ ಅದು ಗೊತ್ತಾದದ್ದು ಕೊನೆಯ ತಿಂಗಳಲ್ಲಿ. ನನ್ನ ದೊಡ್ಡ ದೂರು ಇದೇ.

ಹೊಲಿಗೆಯದು ಬೇಗ ಹೇಳಿ ಮುಗಿಸುತ್ತೇನೆ. ನಾಲ್ವರಿಗೆ ಒಂದು ಯಂತ್ರ. ಕಲಿಸುವವರು ಬಹಳ ಒಳ್ಳೆಯವರು, ನನಗೇ ತಾಳ್ಮೆಯಿಲ್ಲ. ಹಳೆಯ ಪತ್ರಿಕೆಯ ಮೇಲೆ ಬ್ಲೌಸು ಕತ್ತರಿಸುವವರೆಗೂ ಸರಿಯಿತ್ತು. ಬಟ್ಟೆಗೆ ಬಂದಾಗ ತೋಳಿನ ಮುಂಭಾಗದ ಇಳಿತ ಹಿಂಭಾಗಕ್ಕಿಂತ ಹೆಚ್ಚಿರಬೇಕು ಎಂಬುದನ್ನು ನೆನಪಿಟ್ಟು ಜಾಗ್ರತೆಯಿಂದ ಕತ್ತರಿಸಿದೆ. ಎರಡೂ ಎಡಗೈಯ ತೋಳೇ ಆದವು. ಒಂದೂವರೆ ತಿಂಗಳಿಗೆ ಬಿಟ್ಟೆ. ಮನೆಯಲ್ಲಿ ಯಂತ್ರವಿದ್ದು ಅಭ್ಯಾಸ ಮಾಡಬಲ್ಲವರಿಗೆ ಇದು ಲಾಭದ ಕೋರ್ಸು. ಜೊತೆಗಿದ್ದ ಒಬ್ಬರು ಈಗ ಕಟ್ಟಡದವರಿಗೆಲ್ಲ ಸೀರೆಗೆ ಫಾಲ್ ಹಚ್ಚಿ ಕೊಡುತ್ತಾರೆ.

ಮೋಡಿಗೆ ಸೇರಿದ್ದು ಸ್ವಾರ್ಥದಿಂದ. ನಮ್ಮ ಕನ್ನಡದಲ್ಲಿ ಮೋಡಿ ಅಕ್ಷರವೆಂದರೆ ಕೂಡಿಸಿ ಬರೆದ ಬರಹ. ಮರಾಠಿಯ ಮೋಡಿ ಒಂದು ಲಿಪಿಯೇ. ಪೇಶ್ವೆಗಳ ದಫ್ತರದ ಬಹುಪಾಲು ಅದರಲ್ಲಿದೆ. ನಮ್ಮ ಬೆಳಗಾವಿ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತಲ್ಲ, ಅಜ್ಜನ ಟ್ರಂಕಿನಲ್ಲಿದ್ದ ಒಂದು ಕಾಗದವೂ ಆ ಲಿಪಿಯಲ್ಲಿತ್ತು. ಅದರಲ್ಲಿ ಐದು ಎಕರೆ ಜಮೀನು ಅಡಗಿದೆ ಎಂದು ನಮ್ಮ ಕಾಕಾ ನಲವತ್ತು ವರ್ಷಗಳಿಂದ ನಂಬಿದ್ದರು.

ಇಲ್ಲಿ ಸಾಧನವೆಂದರೆ ಪೆನ್ನು ಮತ್ತು ಹಾಳೆ, ಹಾಗಾಗಿ ನನ್ನ ತಕ್ಕಡಿಯಲ್ಲಿ ಪೂರ್ತಿ ಅಂಕ. ಮೊದಲು ಹಾಳೆಯ ಈ ತುದಿಯಿಂದ ಆ ತುದಿಗೆ ಗೆರೆ ಎಳೆದು, ಅಕ್ಷರಗಳನ್ನು ಅದಕ್ಕೆ ತೋರಣದಂತೆ ಇಳಿಬಿಡಬೇಕು. ಪೆನ್ನು ಆದಷ್ಟು ಎತ್ತಬಾರದು. ಹ್ರಸ್ವ 'ಇ', ದೀರ್ಘ 'ಈ' ಎರಡಕ್ಕೂ ಒಂದೇ ಗುರುತು. ಪದಗಳ ನಡುವೆ ಜಾಗವಿಲ್ಲ, ಪೂರ್ಣವಿರಾಮವೂ ಇಲ್ಲ. ಬರೆಯುವುದು ಎರಡು ವಾರದಲ್ಲಿ ಬಂತು. ಓದುವುದು ಎರಡು ತಿಂಗಳಾದರೂ ತಡವರಿಕೆಯೇ, ಏಕೆಂದರೆ ಪದ ಎಲ್ಲಿ ಮುಗಿಯಿತು ಎಂದು ಅರ್ಥದಿಂದಲೇ ಊಹಿಸಬೇಕು. ರಾತ್ರಿ ಒಂಬತ್ತರ ಲೋಕಲಿನ ಮಹಿಳಾ ಬೋಗಿಯಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ತೆಗೆದ ಆ ಕಾಗದದ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದೆ. ಮೊದಲು ಊರಿನ ಹೆಸರು ಬಿಟ್ಟುಕೊಟ್ಟಿತು, ಆಮೇಲೆ "ರುಪಯೆ", ಆಮೇಲೆ "ಬೈಲ್". ಬೈಲ್ ಎಂದರೆ ಎತ್ತು. ಗುರುಗಳು ಉಳಿದದ್ದನ್ನು ಬಿಡಿಸಿದರು: ಜೋಡಿ ಎತ್ತಿಗಾಗಿ ಅಜ್ಜ ಮಾಡಿದ 40 ರೂಪಾಯಿ ಸಾಲದ ಪತ್ರ. ತೀರಿಸಿದ ಗುರುತು ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಕಾಕಾನಿಗೆ ಫೋನು ಮಾಡಿದೆ. ಬಹಳ ಹೊತ್ತು ಸುಮ್ಮನಿದ್ದು, "ಇದನ್ನು ಯಾರಿಗೂ ಹೇಳಬೇಡ" ಎಂದರು.

ನಾಲ್ಕರಲ್ಲಿ ಒಂದನ್ನೇ ಆರಿಸಿ ಎಂದರೆ ನಾನು ಹಿಂದೆಮುಂದೆ ನೋಡದೆ ವೈರಿಂಗ್ ಎನ್ನುತ್ತೇನೆ. ಸಂಬಳದ ಕೆಲಸ ತುರ್ತಾಗಿ ಬೇಕಿದ್ದವರು ಟ್ಯಾಲಿಗೆ ಸೇರಲಿ, ಆದರೆ ಹಣ ಕಟ್ಟುವ ಮೊದಲು ನಡೆಯುತ್ತಿರುವ ತರಗತಿಯ ಬಾಗಿಲಲ್ಲಿ ನಿಂತು ಒಂದು ಕಂಪ್ಯೂಟರಿನ ಮುಂದೆ ಎಷ್ಟು ಕುರ್ಚಿಗಳಿವೆ ಎಂದು ಎಣಿಸಿಕೊಳ್ಳಲಿ. ಮನೆಯಲ್ಲಿ ಹಳೆಯ ಕಾಗದ ಇಲ್ಲದವರಿಗೆ ಮೋಡಿ ಎರಡೇ ವಾರದಲ್ಲಿ ಬೇಸರ ತರಿಸುತ್ತದೆ. ನಮ್ಮ ತರಗತಿಯಲ್ಲಿ ಹದಿನಾರು ಜನರಿಂದ ಶುರುವಾಗಿ ಕೊನೆಗೆ ಉಳಿದವರು ಏಳು, ಏಳೂ ಜನರ ಚೀಲದಲ್ಲಿ ಒಂದೊಂದು ಕಾಗದವಿತ್ತು. ವೈರಿಂಗಿಗೆ ಸೇರುವವರು ಆಧಾರ್ ಪ್ರತಿ, ಎರಡು ಫೋಟೋ ತೆಗೆದುಕೊಂಡು ಜೂನ್ ಮೊದಲ ವಾರವೇ ಹೋಗಬೇಕು. ಇರುವುದು ಇಪ್ಪತ್ತೇ ಹಲಗೆ, ಕಳೆದ ಸಲ ಮೂರು ದಿನಕ್ಕೆ ಮುಗಿದುಹೋದವು. ಟೆಸ್ಟರ್ ಮಾತ್ರ ನಿಮ್ಮದೇ ಒಯ್ಯಿರಿ, ಅಲ್ಲಿರುವವುಗಳಲ್ಲಿ ಅರ್ಧ ಉರಿಯುವುದಿಲ್ಲ.